ಸವೆದ ರಿಕಾರ್ಡಿನ ಪಕ್ಷ

ಸಂಗ್ರಹಬುದ್ಧಿಯೆಂಬುದು ಮನುಷ್ಯನಿಗೆ ಹುಟ್ಟಿನಿಂದಲೇ ಬರುವುದೋ, ಅಥವಾ ತಿಂಗಳ ಸಂಬಳ ಕೈಗೆ ಹತ್ತಿದ ಮೇಲೆ ಅಂಟಿಕೊಳ್ಳುವುದೋ ನಾನರಿಯೆ. ಆದರೆ ಅಂಚೆಚೀಟಿ ಕೂಡಿಸುವವನನ್ನು ವಿದ್ಯಾವಂತನೆಂದೂ, ಹಳೆಯ ನಾಣ್ಯ ಕೂಡಿಸುವವನನ್ನು ಇತಿಹಾಸಪ್ರಿಯನೆಂದೂ ಮನ್ನಿಸುವ ಲೋಕವು, ಗ್ರಾಮಫೋನ್ ಪ್ಲೇಟು ಕೂಡಿಸುವವನನ್ನು ಮಾತ್ರ ಗುಜರಿಯಂಗಡಿಯವನ ಖಾಸಾ ತಮ್ಮನೆಂದೇ ಎಣಿಸುತ್ತದೆಂಬುದನ್ನು ಸ್ವಾನುಭವದಿಂದ ಹೇಳಬಲ್ಲೆ. ನಮ್ಮ ಮನೆಯವರು ಈ ವಿಷಯದಲ್ಲಿ ಲೋಕದ ಪಕ್ಷ. ಹಬ್ಬದ ದಿನ ನೆಂಟರು ಹೆಚ್ಚಾದಾಗ ಒಳಗಿನಿಂದ, “ಏನ್ರೀ, ತಟ್ಟೆ ಸಾಲ್ತಾ ಇಲ್ಲ, ನಿಮ್ಮ ಬೀರುವಿನಲ್ಲಿರೋವನ್ನೇ ತೊಳ್ಕೊಂಡು ಹಾಕ್ಲಾ?” ಎಂದು ಕೇಳುವುದು ಅವರ ವಾಡಿಕೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ, ನಗುತ್ತಲೇ ಬೀರುವಿನ ಬೀಗವನ್ನೊಮ್ಮೆ ಮುಟ್ಟಿ ನೋಡುತ್ತೇನೆ.

ಪ್ರೌಢಶಾಲೆಯ ಮೇಷ್ಟರ ಕೆಲಸವು ನನ್ನನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳಲ್ಲಿ ಸುತ್ತಿಸಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯವಾಗುವ ಮುನ್ನ, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯಾದರೋ ಹೊನ್ನಾಳಿಯ ಆಶ್ರಯದಲ್ಲಿದ್ದು ಈಚೆಗೆ ತಾನೇ ತಾಲ್ಲೂಕಾಯಿತು. ಆಡಳಿತವು ಇವನ್ನು ಒಂದೇ ನಕ್ಷೆಯೊಳಗೆ ತಂದರೂ ಹವೆಯು ಆ ಆಜ್ಞೆಯನ್ನು ಮಾನ್ಯಮಾಡಿಲ್ಲವೆಂಬುದಕ್ಕೆ ನನ್ನ ಪ್ಲೇಟುಗಳೇ ಸಾಕ್ಷಿ. ಮಲೆನಾಡಿನ ಸೆರಗು ಹಿಡಿದ ನ್ಯಾಮತಿಯ ಕಡೆಯಲ್ಲಿ ಆಷಾಢ ಶ್ರಾವಣಗಳು ಕಳೆಯುವುದರೊಳಗೆ ಕಾಗದದ ಚೀಲಗಳಿಗೆ ಬೂಷ್ಟು ಹಿಡಿಯುವುದು. ಮಳೆಯನ್ನು ಬೇಡಿ ಬೇಡಿ ಬೇಸತ್ತ ಜಗಳೂರಿನ ಬಯಲಿನಲ್ಲಿ, ಚೈತ್ರದ ಬಿಸಿಲಿಗೆ ಕಿಟಕಿಯ ಬಳಿ ಮರೆತಿಟ್ಟ ಪ್ಲೇಟು ಸಂಜೆಯ ಹೊತ್ತಿಗೆ ಅಂಚು ಮುದುರಿಕೊಂಡು, ತಿರುಗಿಸಿದರೆ ಮುಳ್ಳನ್ನು ಏರಿಳಿಸುತ್ತ ಗಾಯಕನಿಗೆ ಇಲ್ಲದ ಗಮಕಗಳನ್ನೆಲ್ಲ ದಯಪಾಲಿಸುವುದು. ಅಡಿಕೆಯ ಹಣ ಕಂಡ ಚನ್ನಗಿರಿಯ ಹಳೆಯ ಮನೆಗಳಲ್ಲಿ ಅಟ್ಟವೂ ಉಂಟು, ಅಟ್ಟದ ಮೇಲೆ ಪೆಟ್ಟಿಗೆಯೂ ಉಂಟು. ಆದಕಾರಣ ಪ್ಲೇಟುಗಳು ಅಲ್ಲಿ ಹೆಚ್ಚು ಕ್ಷೇಮವಾಗಿರುತ್ತವೆ. ಹೊನ್ನಾಳಿಯ ಮಾತೇ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಪ್ಲೇಟು ಇಷ್ಟು ಸುಕುಮಾರವಾಗಿರುವುದು ಅದರ ಹುಟ್ಟಿನ ಗುಣ. ದುರ್ಯೋಧನನು ಪಾಂಡವರಿಗಾಗಿ ಕಟ್ಟಿಸಿದ ಮನೆಗೆ ಯಾವ ದ್ರವ್ಯವನ್ನು ಬಳಸಿದನೋ ಆ ಅರಗೇ ಇದಕ್ಕೂ ಮೂಲ. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳಿಗೆ ಮುತ್ತಿ ರಸ ಹೀರುವ ಒಂದು ಅಲ್ಪಕೀಟವು ತನ್ನ ಮೈಯಿಂದ ಸ್ರವಿಸುವ ಅಂಟನ್ನು ಶೋಧಿಸಿ, ಅದಕ್ಕೆ ಕಲ್ಲಿನ ನುಣ್ಣನೆಯ ಪುಡಿಯನ್ನೂ ಕಾಡಿಗೆಯನ್ನೂ ಹತ್ತಿಯ ನಾರನ್ನೂ ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿದರೆ ಪ್ಲೇಟು ಸಿದ್ಧ. ಕಲ್ಲಿನ ಪುಡಿ ಏಕೆಂದು ಕೇಳುವವರುಂಟು. ಉಕ್ಕಿನ ಮುಳ್ಳು ಗೀರಿಗೆ ಇಳಿದೊಡನೆ ಮೊದಲ ಕೆಲವು ಸುತ್ತುಗಳಲ್ಲಿಯೇ ಆ ಪುಡಿಯು ಮುಳ್ಳಿನ ತುದಿಯನ್ನು ಸಾಣೆಹಿಡಿದು ಗೀರಿನ ಅಳತೆಗೆ ಕೂಡಿಸಿಕೊಳ್ಳುತ್ತದೆ. ಹಾಗೆ ಸವೆದ ಮುಳ್ಳು ಇನ್ನೊಂದು ಪ್ಲೇಟಿಗೆ ಸಲ್ಲದು. ಸಲ್ಲಿಸಿದರೆ ಅದು ಸೇಡು ತೀರಿಸಿಕೊಳ್ಳುವಂತೆ ಪ್ಲೇಟನ್ನೇ ಕೆರೆಯುವುದು. ಅದಕ್ಕಾಗಿಯೇ ಹಳಬರು ಒಂದೊಂದು ಹಾಡಿಗೂ ಮುಳ್ಳು ಬದಲಿಸುತ್ತಿದ್ದರು, ನಾಯಿಯ ಚಿತ್ರವಿದ್ದ ಪುಟ್ಟ ತಗಡಿನ ಡಬ್ಬಿಯಲ್ಲಿ ಮುಳ್ಳುಗಳನ್ನು ಜೋಪಾನ ಮಾಡುತ್ತಿದ್ದರು. ಹಾಡು ಕೇಳುವುದೆಂದರೆ ಅಷ್ಟಷ್ಟಾಗಿ ಅದನ್ನು ಅಳಿಸುವುದೂ ಹೌದೆಂಬ ಈ ವ್ಯವಸ್ಥೆಯಲ್ಲಿ ಒಂದು ಕ್ರೂರವಾದ ನ್ಯಾಯವಿದೆ.

ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಎಡಿಸನ್ 1877ರಲ್ಲಿ ತೋರಿಸಿದಾಗ ಅದು ಉರುಳೆಯ ರೂಪದಲ್ಲಿತ್ತು. ಅದನ್ನು ಚಪ್ಪಟೆ ಬಿಲ್ಲೆಯಾಗಿಸಿ, ಒಂದು ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ತೆಗೆಯುವ ದಾರಿ ತೋರಿದವನು ಎಮಿಲ್ ಬರ್ಲಿನರ್. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು, ನವೆಂಬರ್ ತಿಂಗಳಲ್ಲಿ ಗೌಹರ್ ಜಾನಳ ಗಾನವನ್ನು ತುತ್ತೂರಿಯ ಮುಖಾಂತರ ಮೇಣಕ್ಕೆ ಇಳಿಸಿಕೊಂಡನು. ಆ ಮೇಣವು ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗಿ ಮರಳಬೇಕಾಗಿತ್ತು; ಅಲ್ಲಿಯ ಕೆಲಸಗಾರರಿಗೆ ಹಾಡಿದವರಾರೆಂಬುದು ತಿಳಿಯಲೆಂದು ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಘಂಟಾಘೋಷವಾಗಿ ಸಾರಿದಳು. ನಾಡಿನ ತುಂಬ ಆ ಹೆಸರನ್ನು ಸಾರಿಸಿಕೊಂಡ ಗಾಯಕಿಯು ಕಡೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಬಯಸಿ 1928ರಲ್ಲಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ಕಣ್ಮುಚ್ಚಿದಳೆಂಬುದನ್ನು ನೆನೆದಾಗ, ಈ ಪ್ಲೇಟಿನ ಇತಿಹಾಸದ ಒಂದು ಹಾಳೆಯನ್ನು ಕನ್ನಡದ ಮಣ್ಣಿನಲ್ಲೇ ಹೂಳಿದ್ದೇವೆ ಎನ್ನಿಸುತ್ತದೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಸಿಕ್ಕುವುದು ಹೆಚ್ಚುಕಡಮೆ ಮೂರು ನಿಮಿಷ. ರಾತ್ರಿಯೆಲ್ಲ ರಾಗ ಬೆಳೆಸಿದವರು ಆ ಇಕ್ಕಟ್ಟಿನಲ್ಲಿ ಆಲಾಪ, ಪಲ್ಲವಿ, ತಾನುಗಳನ್ನು ಅಡಕಬೇಕಾಗಿತ್ತು, ಅಡಕಿದರು ಕೂಡ. ಧಾರವಾಡದ ಸೀಮೆಯ ಮಲ್ಲಿಕಾರ್ಜುನ ಮನ್ಸೂರರು ಅಡಕಿದರು. ಬೀಳಗಿಯ ಅಮೀರಬಾಯಿಯವರು ಅಡಕಿ, ಆಮೇಲೆ ಮುಂಬಯಿಯ ಚಲಚ್ಚಿತ್ರಗಳಿಗೂ ಕಂಠ ಕೊಟ್ಟರು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳಂತೂ ಗಾಂಧಾರಿ ಎಂಬ ಹೆಸರಿನಲ್ಲಿ ಮಾರಾಟವಾದವು. ಹೀಗಾಗಿ ಅವರ ಮಹಿಮೆಯನ್ನು ಕೊಂಡಾಡುವ ರಸಿಕನೇ ಅವರ ಪ್ಲೇಟನ್ನು ಇನ್ನಾರದೋ ಎಂದು ಬದಿಗೆ ಸರಿಸಿ ಮುಂದೆ ಹೋಗುವ ಸಂಭವ ಉಂಟು. ಹೊಸ ಕವಿಗಳ ಗೀತೆಗಳನ್ನು ಓದುಬಾರದವರ ಬಾಯಿಗೂ ತಂದಿತ್ತ ಪಿ. ಕಾಳಿಂಗರಾಯರೂ, ಅವರೊಡನೆ ಹಾಡಿದ ಸೋಹನ್‌ಕುಮಾರಿ ಮೋಹನ್‌ಕುಮಾರಿಯರೂ ಇದೇ ಗೀರುಗಳ ದಾರಿ ಹಿಡಿದು ಮನೆಮನೆಗೆ ಬಂದವರು. 1934ರ ‘ಸತಿ ಸುಲೋಚನ’ ನಮ್ಮ ಮೊದಲ ವಾಕ್ಚಿತ್ರ. ಅದರ ಪ್ರತಿಯೇ ಇಂದು ಉಳಿದಿಲ್ಲ. ಅಂಥ ನಾಡಿನಲ್ಲಿ ಕರಿಯ ಬಿಲ್ಲೆಯೊಂದು ಅಟ್ಟದಿಂದ ಇಳಿದುಬಂದರೆ ಕೈ ನಡುಗುವುದು ಸಹಜವೇ ಸರಿ.

ಇನ್ನು ಹೊನ್ನಾಳಿ. ಅಲ್ಲಿ ನನಗೆ ದೊರೆತದ್ದು ಪ್ಲೇಟುಗಳಿಗಿಂತ ಹೆಚ್ಚಾಗಿ ಪ್ಲೇಟು ಹಾಕುವ ಒಬ್ಬ ಮನುಷ್ಯ. ಊರವರೆಲ್ಲ ಅವರನ್ನು ಮೈಕಿನ ಸಾಬರೆಂದು ಕರೆಯುತ್ತಿದ್ದರು. ಮದುವೆ, ಜಾತ್ರೆ, ಗಣಪತಿ, ಉರುಸು, ಚುನಾವಣೆ ಯಾವುದಾದರೂ ಸರಿ, ಅಹುಜಾ ಆಂಪ್ಲಿಫೈಯರನ್ನೂ ಎರಡು ಹಾರ್ನುಗಳನ್ನೂ ಪ್ಲೇಟಿನ ಪೆಟ್ಟಿಗೆಯನ್ನೂ ಗಾಡಿಯ ಮೇಲೆ ಹೇರಿಕೊಂಡು, ತುಂಗಭದ್ರೆಯ ಈಚೆ ದಡ ಆಚೆ ದಡವೆನ್ನದೆ ತಿರುಗಿದವರು. ಹುಣಸೆಯ ಮರಕ್ಕೆ ಹಾರ್ನು ಕಟ್ಟುವಾಗ ಅದರ ಬಾಯಿ ಯಾವ ದಿಕ್ಕಿಗಿರಬೇಕೆಂಬುದರಲ್ಲಿಯೂ ಅವರದೊಂದು ರಾಜನೀತಿಯಿತ್ತು: ಒಂದು ಊರಿನ ಒಳಕ್ಕೆ, ಇನ್ನೊಂದು ನೆರೆಯೂರಿನ ಕಡೆಗೆ. “ನಮ್ಮೂರಾಗೆ ಮದುವೆ ಐತೆ ಅಂತ ಅವರಿಗೂ ಗೊತ್ತಾಗ್ಬೇಕಲ್ಲ ಮೇಷ್ಟ್ರೆ” ಎಂಬುದು ಅದರ ಭಾಷ್ಯ.

ಪೆಟ್ಟಿಗೆಯಲ್ಲಿ ಎಷ್ಟು ಪ್ಲೇಟುಗಳಿವೆಯೆಂಬುದು ಅವರ ಮಟ್ಟಿಗೆ ಮುಖ್ಯವಾಗಿರಲಿಲ್ಲ. ಯಾವುದರ ಮೇಲೆ ಯಾವುದು ಬರಬೇಕೆಂಬುದೇ ಮುಖ್ಯ. ಬೆಳಗಿನ ಜಾವ ನೀರು ಕಾಯುವ ಹೊತ್ತಿಗೆ ಎಂ. ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ, ಬೀಗರ ಬಸ್ಸು ಬಂದು ನಿಂತಾಗ ಗಂಡಿನ ಕಡೆಯವರ ಎದೆ ಉಬ್ಬುವಂತಹ ಚಿತ್ರಗೀತೆ, ಧಾರೆಯ ಹೊತ್ತಿಗೆ ಗುಂಡಿ ಆರಿಸಿ, ವಾಲಗದವರಿಗೆ ಜಾಗ ಬಿಟ್ಟು, ಬೀಡಿ ಹಚ್ಚಿಕೊಂಡು ಮರದ ಬುಡಕ್ಕೆ ಒರಗುವುದು, ಮೊದಲ ಪಂಕ್ತಿ ಎಲೆಯ ಮುಂದೆ ಕುಳಿತಾಗ ನಾಟಕದ ಹಾಸ್ಯದ ಪ್ಲೇಟು. “ಊಟದಾಗೆ ನಗೋ ಜನ ಜಾಸ್ತಿ ಉಣ್ತಾರೆ ಅಂತ ಅಡಿಗೆಯೋರು ನನಗೆ ಬೈತಾರೆ” ಎಂದು ಹೇಳಿ ತಾವೂ ನಗುವರು. ಹೆಣ್ಣೊಪ್ಪಿಸುವ ಹೊತ್ತಿಗೆ ದುಃಖದ ಹಾಡು ಹಾಕಿರೆಂದು ಕೇಳುವವರು ಪ್ರತಿ ಮದುವೆಯಲ್ಲಿಯೂ ಇರುತ್ತಿದ್ದರು, ಅವರು ಒಪ್ಪುತ್ತಿರಲಿಲ್ಲ. “ತಾಯಿ ಅಳೋದನ್ನ ಪ್ಲೇಟು ಅಳಬಾರ್ದು ಮೇಷ್ಟ್ರೆ” ಎಂದರು ಒಮ್ಮೆ. ಅಲಂಕಾರಶಾಸ್ತ್ರವು ಔಚಿತ್ಯವೆಂದು ಅಧ್ಯಾಯಗಟ್ಟಲೆ ಚರ್ಚಿಸುವ ವಿಷಯವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ ಆಚಾರ್ಯರನ್ನು ನಾನು ಬೇರೆ ಕಂಡಿಲ್ಲ. ಬಯಲು ಟೆಂಟುಗಳಲ್ಲಿ ಗಂಟಸಾಲರ ವೆಂಕಟೇಶಸ್ತುತಿ ಕೇಳಿಸಿದೊಡನೆ ಇನ್ನೇನು ಆಟ ಸುರುವಾಗುತ್ತದೆಂದು ಹಳ್ಳಿಗಳಿಂದ ಓಡುತ್ತಿದ್ದ ತಲೆಮಾರಿಗೆ, ಯಾವ ಹಾಡು ಯಾವ ಹೊತ್ತಿನದೆಂಬುದು ಗಡಿಯಾರದಷ್ಟೇ ನಂಬಿಕೆಯ ವಿಷಯವಾಗಿತ್ತು.

ಮೈಕಿನ ಸಾಬರ ಪೆಟ್ಟಿಗೆಯಲ್ಲಿ ಕೆಲವು ಪ್ಲೇಟುಗಳ ನಡುವಿನ ಚೀಟಿಯ ಮೇಲೆ ಕಂದುಬಣ್ಣದ ಕಾಗದ ಅಂಟಿಸಿರುವುದನ್ನು ಕಂಡು ಕಾರಣ ಕೇಳಿದೆ. ನ್ಯಾಮತಿಯ ಕಡೆಯ ಇನ್ನೊಬ್ಬ ಮೈಕಿನವರು ಬಂದು ಇಣಿಕಿ, ಹಾಡಿನ ನಂಬರು ಬರೆದುಕೊಂಡು ಹೋಗಿ ತರಿಸಿಬಿಡುತ್ತಾರೆಂಬ ಭಯವಂತೆ. ಈ ಉಪಾಯ ತುಂಗಭದ್ರೆಯ ತೀರದ ಸ್ವಂತ ಶೋಧವೆಂದು ನಾನು ಬಹುಕಾಲ ಹೆಮ್ಮೆಪಟ್ಟಿದ್ದೆ. ಆಮೇಲೆ ಓದಿ ತಿಳಿದದ್ದೇನೆಂದರೆ, ಇಂಗ್ಲೆಂಡಿನ ಉತ್ತರ ಭಾಗದ ಕಾರ್ಖಾನೆಯ ಊರುಗಳಲ್ಲಿ, ಮುಖ್ಯವಾಗಿ 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊ ಎಂಬ ನೃತ್ಯಶಾಲೆಯಲ್ಲಿ, ವಾರದ ದುಡಿಮೆ ಮುಗಿಸಿದ ಹುಡುಗರು ಮದ್ಯವಿಲ್ಲದೆ, ರಾತ್ರಿ ಎರಡರಿಂದ ಬೆಳಗಿನವರೆಗೆ ಅಮೆರಿಕದ ಕರಿಯ ಜನರ ‘ಸೋಲ್’ ಸಂಗೀತಕ್ಕೆ ಕುಣಿಯುತ್ತಿದ್ದರಂತೆ. ಅಲ್ಲಿ ಪ್ಲೇಟು ಹಾಕುವವರೂ ಎದುರಾಳಿಗಳ ಕಣ್ಣು ತಪ್ಪಿಸಲು ಚೀಟಿಯ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರನ್ನೇ ಬರೆಯುತ್ತಿದ್ದರಂತೆ. ಅವರ ನಿಯಮಗಳೂ ಕಠಿಣ: ಮೊದಲ ಮುದ್ರಣದ ಪ್ಲೇಟನ್ನೇ ಹಾಕಬೇಕು, ಮರುಮುದ್ರಣವು ಮೈಲಿಗೆ. ಫ್ರಾಂಕ್ ವಿಲ್ಸನ್ ಎಂಬವನು 1965ರಲ್ಲಿ ಡೆಟ್ರಾಯಿಟಿನ ಮೊಟೌನ್ ಕಂಪನಿಗಾಗಿ ಹಾಡಿದ ಒಂದು ಪ್ಲೇಟು ಪೇಟೆಗೇ ಬರಲಿಲ್ಲ. ಬೆರಳೆಣಿಕೆಯ ಪ್ರತಿಗಳು ಮಾತ್ರ ಉಳಿದವು. ಅವುಗಳಲ್ಲಿ ಒಂದು 2009ರಲ್ಲಿ 25,742 ಪೌಂಡುಗಳಿಗೆ ಮಾರಾಟವಾಯಿತು.

ಈ ಸಂಗತಿಯನ್ನು ಉತ್ಸಾಹದಿಂದ ಮೈಕಿನ ಸಾಬರಿಗೆ ಹೇಳಿ, ಅದೇ ಉಸಿರಿನಲ್ಲಿ ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರ ಅಟ್ಟದಿಂದ ನಾನು ತಂದಿದ್ದ, ಚೀಲದ ಕಾಗದ ಕೂಡ ಸುಕ್ಕಾಗದ ಒಂದು ಪ್ಲೇಟನ್ನು ಅವರ ಕೈಗಿತ್ತೆ. ಅವರು ಅದನ್ನು ಎರಡು ಅಂಗೈಗಳ ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸಿದರು. ಹೆಚ್ಚು ತಿರುಗಿದ ಪ್ಲೇಟಿನ ಗೀರುಗಳು ಬೂದಿಬಣ್ಣಕ್ಕೆ ಇಳಿದಿರುತ್ತವೆ. ಇದರಲ್ಲಿ ಒಳವೃತ್ತದಿಂದ ಹೊರವೃತ್ತದವರೆಗೆ ಕಾಡಿಗೆಗಪ್ಪು ಹೊಳೆಯುತ್ತಿತ್ತು. ಹೊಗಳಿಕೆಗೆ ಕಾದು ನಿಂತ ನನಗೆ ಬಂದ ತೀರ್ಪು ಇಷ್ಟೆ: “ಯಾರೂ ಕೇಳಿಲ್ಲ ಮೇಷ್ಟ್ರೆ ಇದನ್ನ. ಅದಕ್ಕೇ ಹಿಂಗೈತೆ.” ಹೊನ್ನಾಳಿ ಹೊಡೆತವೆಂದು ಜನ ಆಡಿಕೊಳ್ಳುವುದು ಸುಮ್ಮನೆ ಅಲ್ಲ.

ಆ ಮಾತು ನನ್ನ ಬೀರುವಿನ ಸಮಸ್ತ ಮೌಲ್ಯಮಾಪನವನ್ನೇ ತಿರುವುಮುರುವು ಮಾಡಿತು. ಪ್ಲೇಟೊಂದು ವಿರಳವಾಗುವುದಕ್ಕೆ ಎರಡು ದಾರಿಗಳುಂಟು: ಯಾರೂ ಕೊಳ್ಳದೆ ಹೋದದ್ದು ಒಂದು, ಎಲ್ಲರೂ ಕೇಳಿ ಸವೆಸಿಬಿಟ್ಟದ್ದು ಇನ್ನೊಂದು. ವಿಗನ್ನಿನವರು ಮೊದಲನೆಯ ಬಗೆಯನ್ನು ಬೆನ್ನಟ್ಟಿದರು; ಆದರೆ ಅವರನ್ನು ಮೆಚ್ಚಬೇಕಾದದ್ದೇನೆಂದರೆ, ಲೋಕವು ತಿರಸ್ಕರಿಸಿದ ಹಾಡನ್ನು ಅವರು ಗಾಜಿನ ಕಪಾಟಿನಲ್ಲಿಡದೆ ಸಾವಿರ ಜನರ ಕಾಲಿಗೆ ಕುಣಿತವಾಗಿ ಕೊಟ್ಟರು. ನಮ್ಮ ಸೀಮೆಯ ವಿರಳತೆ ಎರಡನೆಯ ಬಗೆಯದು. ಕೊಡದಗುಡ್ಡದ ವೀರಭದ್ರನ ಜಾತ್ರೆಯ ಧೂಳನ್ನೂ, ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ದರ್ಶನಕ್ಕೆಂದು ಹೋಗುವ ತಾಂಡಾದವರ ದಾರಿಯ ಬಿಸಿಲನ್ನೂ, ಎತ್ತಿನಗಾಡಿಯ ಕುಲುಕಾಟವನ್ನೂ ತಿಂದು, ಮತ್ತೊಮ್ಮೆ ಹಾಕಿ ಮತ್ತೊಮ್ಮೆ ಹಾಕಿ ಎಂಬ ಬೇಡಿಕೆಗೆ ಮೈಯೊಡ್ಡಿ, ಕಡೆಗೆ ಹಾಡಿಗಿಂತ ಗರಗರ ಶಬ್ದವೇ ಮುಂದಾದ ಪ್ಲೇಟುಗಳು ಇವು. ಬೆಲೆಕಟ್ಟುವವರ ಪಟ್ಟಿಯಲ್ಲಿ ಅವಕ್ಕೆ ಕನಿಷ್ಠ ದರ್ಜೆ. ಆದರೆ ಜನ ಯಾವುದನ್ನು ಪ್ರೀತಿಸಿದರೆಂಬ ಪ್ರಶ್ನೆಗೆ ಉತ್ತರ ಬರೆದಿರುವುದು ಆ ಬೂದಿಬಣ್ಣದ ಗೀರುಗಳಲ್ಲಿಯೇ ಹೊರತು ಕಾಡಿಗೆಗಪ್ಪಿನಲ್ಲಿ ಅಲ್ಲ.

ಕಾಲ ನಿಲ್ಲಲಿಲ್ಲ. ಅರಗಿನ ಪ್ಲೇಟು ಹೋಗಿ ವಿನೈಲಿನ ಇ.ಪಿ., ಎಲ್.ಪಿ.ಗಳು ಬಂದವು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು ಕ್ಯಾಸೆಟ್ಟಿನ ಯುಗಕ್ಕೆ ಬಾಗಿಲು ತೆರೆಯಿತು, ಈಗ ಗಣಪತಿಯ ಮೆರವಣಿಗೆಗೆ ಲಾರಿಯ ತುಂಬ ಪೆಟ್ಟಿಗೆಗಳನ್ನು ಒಟ್ಟಿಕೊಂಡು ಬರುವ ಡಿ.ಜೆ.ಯ ಹುಡುಗನ ಲ್ಯಾಪ್‌ಟಾಪಿನಲ್ಲಿ ಹಾಡುಗಳಿಗೆ ಲೆಕ್ಕವೇ ಇಲ್ಲ. ಎದೆ ನಡುಗಿಸುವ ಆ ಸದ್ದನ್ನು ಹಳಬರೆಲ್ಲ ಸೇರಿ ನಿಂದಿಸುವಾಗ ನಾನು ಜತೆಗೂಡುವುದಿಲ್ಲ. ಗುಂಪಿನ ಮುಖ ನೋಡಿ ಒಂದು ಹಾಡನ್ನು ನಡುವೆಯೇ ಕಡಿದು ಇನ್ನೊಂದಕ್ಕೆ ಹಾರುವ ಆ ಹುಡುಗನು, ಹಾಡಿನ ಆಯ್ಕೆಯಲ್ಲಿ ಏನೇ ಇರಲಿ, ವಿದ್ಯೆಯಲ್ಲಿ ಮೈಕಿನ ಸಾಬರ ವಂಶದವನೇ. ಸಂಗ್ರಹಕಾರನಾದ ನಾನೇ ಆ ವಂಶಕ್ಕೆ ಹೊರಗಿನವನು. ನನ್ನಲ್ಲಿ ಇರುವುದು ವಸ್ತು, ಅವರಲ್ಲಿ ಇದ್ದದ್ದು ಹೊತ್ತಿನ ಅರಿವು.

ಆದಕಾರಣ ನಿವೃತ್ತನಾದ ಮೇಲೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದೇನೆ. ಬೀರುವಿನಲ್ಲಿರುವ ಯಾವ ಪ್ಲೇಟನ್ನು ಯಾರು ಕೇಳಿದರೂ ಹಾಕುವುದು. ಅದು ಮನ್ಸೂರರದಾಗಿರಲಿ, ಮರೆತುಹೋದ ನಾಟಕದ ವಿದೂಷಕನದಾಗಿರಲಿ. ಪ್ರತಿ ಸಲಕ್ಕೂ ಹೊಸ ಮುಳ್ಳು, ಅಷ್ಟೇ ನನ್ನ ಕೃಪಣತೆ. ಬೆಂಗಳೂರಿನಿಂದ ಬಂದ ಸಂಗ್ರಾಹಕ ಮಿತ್ರರೊಬ್ಬರು, ಒಂದೊಂದು ಸಲ ಹಾಕಿದಾಗಲೂ ಅದರ ಬೆಲೆ ಇಳಿಯುತ್ತದೆಂದು ಹೌಹಾರಿದರು. ಇಳಿಯಲಿ ಎಂದೆ. ಚನ್ನಗಿರಿಯ ಆ ಕಾಡಿಗೆಗಪ್ಪಿನ ಪ್ಲೇಟಿಗೆ ಈಗ ಸ್ವಲ್ಪ ಸ್ವಲ್ಪವಾಗಿ ಬೂದಿಬಣ್ಣ ಹತ್ತುತ್ತಿದೆ. ಮನೆಯವರು ಕೂಡ ಈಚೆಗೆ ತಟ್ಟೆಯ ಮಾತು ಬಿಟ್ಟು, ಅದರ ಎರಡನೆಯ ಮಗ್ಗುಲೇ ವಾಸಿಯೆಂದು ನನ್ನೊಡನೆ ವಾದ ಹೂಡುತ್ತಿದ್ದಾರೆ.