ಸೂಶಿ ಕಂಡ ಗಂಗಾವತಿ ಮಾವ

ಕೊಪ್ಪಳದ ಕಡೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬರುವ ನೆಂಟರು, ಆಸ್ಪತ್ರೆಯದೋ ಸರ್ಕಾರಿ ಕಚೇರಿಯದೋ ಕೆಲಸ ಮುಗಿಸಿ, ಸಂಜೆ ನಮ್ಮ ಮನೆಯ ಸೋಫಾದ ತುದಿಗೆ ಕೂತು, ಚಹಾ ಕುಡಿದು, ನನ್ನ ಹೆಂಡತಿ ಒಳಗೆ ಹೋಗುವುದನ್ನೇ ಕಾಯುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: “ಇಲ್ಲಿ ಮೀನ ಎಲ್ಲಿ ಚಲೋ ಸಿಗ್ತಾವು?” ದನಿ ತಗ್ಗಿಸಲು ಕಾರಣವಿದೆ. ಇವರಲ್ಲಿ ಅರ್ಧ ಮಂದಿ ಮೀನು ತಿನ್ನುವವರಲ್ಲ. ಅಂದರೆ ಊರಲ್ಲಿ ತಿನ್ನುವವರಲ್ಲ. ರೈಲು ತುಂಗಭದ್ರೆಯ ಸೇತುವೆ ದಾಟಿದ ಮೇಲೆ ಮಡಿ ಸ್ವಲ್ಪ ಸಡಿಲಾಗುತ್ತದೆ, ಗುಂತಕಲ್ ದಾಟಿದ ಮೇಲೆ ಪೂರ್ತಿ ಬಿಟ್ಟುಹೋಗುತ್ತದೆ.

ಕೇಳುವವರು ಯಾವ ತಾಲ್ಲೂಕಿನವರೆಂದು ಮುಖದಲ್ಲೇ ಗೊತ್ತಾಗುತ್ತದೆ. ಯಲಬುರ್ಗಾದವರಿಗೆ ಮೀನೆಂದರೆ ಸಂತೆಯಲ್ಲಿ ಗೋಣಿತಾಟಿನ ಮೇಲೆ ಸುರಿದಿರುತ್ತಿದ್ದ ಒಣಮೀನು, ಒಣ ಸೀಗಡಿ. ಅವರು ನಾನು ತೋರಿಸಿದ್ದನ್ನೆಲ್ಲ ತಿನ್ನುತ್ತಾರೆ, ಒಳ್ಳೆಯ ಮಂದಿ. ಕುಷ್ಟಗಿಯವರು ಹೆದ್ದಾರಿಯ ಮಂದಿ. ಊರ ಮುಂದೆ ಹಾದುಹೋಗುವ ಈಗಿನ ಎನ್.ಎಚ್. 50 ಹಿಂದೆ ಎನ್.ಎಚ್. 13 ಆಗಿತ್ತು, ಅದರ ಒಂದು ತುದಿ ಸೊಲ್ಲಾಪುರ, ಇನ್ನೊಂದು ತುದಿ ಮಂಗಳೂರು. ಅಪರಾತ್ರಿ ಮಂಜುಗಡ್ಡೆಯ ನೀರು ಸೋರಿಸುತ್ತ ಹೋಗುವ ಲಾರಿಯ ವಾಸನೆ ಅವರಿಗೆ ಗೊತ್ತು, ಒಳಗಿನ ಮಾಲಿನ ರುಚಿ ಗೊತ್ತಿಲ್ಲ. ಕೊಪ್ಪಳದ ನಮಗೆ ಮುನಿರಾಬಾದ್ ಇದೆ, ತುಂಗಭದ್ರೆಯ ಡ್ಯಾಮು ಇದೆ. ಹಾಗಾಗಿ ಸ್ವಲ್ಪ ಜಂಬ. ಗಂಗಾವತಿಯವರ ಮಾತು ಬೇಡ. ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಕಟ್ಟಿಕೊಂಡವರ ನೆರೆಯಲ್ಲಿ ಬೆಳೆದವರು ಅವರು. ಶ್ರೀರಾಮನಗರದ ಕಡೆ ಯಾರದಾದರೂ ಮನೆಯಲ್ಲಿ ಹುಣಸೆಹಣ್ಣು ಕಿವುಚಿ ಹಾಕಿದ ಚೇಪಲ ಪುಲುಸು ಉಂಡು ಬಂದವರು ಬೆಂಗಳೂರಿನ ಯಾವ ಹೋಟೆಲಿಗೂ ನೂರಕ್ಕೆ ಮೂವತ್ತೈದರ ಮೇಲೆ ಕೊಡುವುದಿಲ್ಲ.

ನಕ್ಷೆ ತೆಗೆದು ನೋಡಿದರೆ ಸಿಟ್ಟು ಬರುತ್ತದೆ. ಗದಗ, ಹುಬ್ಬಳ್ಳಿ ಮೇಲಿಂದ ಹೋದರೆ ಕೊಪ್ಪಳಕ್ಕೆ ಕಾರವಾರ ಮುನ್ನೂರು ಕಿಲೋಮೀಟರೂ ಆಗುವುದಿಲ್ಲ. ಬೆಂಗಳೂರಿನಿಂದ ಮಂಗಳೂರು ಸುಮಾರು 350, ಚೆನ್ನೈಯೂ ಅಷ್ಟೇ. ಸಮುದ್ರ ನಮಗೇ ಹತ್ತಿರ. ಆದರೆ ಮೀನು ಕಿಲೋಮೀಟರು ಎಣಿಸಿಕೊಂಡು ಹೋಗುವುದಿಲ್ಲ, ರೊಕ್ಕ ಎಣಿಸಿಕೊಂಡು ಹೋಗುತ್ತದೆ. ನಮ್ಮ ಜಿಲ್ಲೆಯಿಂದ ಸಮುದ್ರದ ಮೇಲೆ ಹೋಗಿ ಹೆಸರು ಮಾಡಿದವನು ಅಂಜನಾದ್ರಿಯ ಹನುಮಪ್ಪ ಒಬ್ಬನೇ. ಅವನೂ ಮೇಲಿಂದ ಹಾರಿದನೇ ಹೊರತು ಕೆಳಗಿಳಿದು ಬಂಗಡೆಯ ದರ ಕೇಳಲಿಲ್ಲ.

ಇರಲಿ, ಬಂದವರಿಗೆ ಉತ್ತರ ಕೊಡಬೇಕಲ್ಲ. ಮನೆಯಲ್ಲೇ ಬೇಯಿಸುವ ಧೈರ್ಯವಿದ್ದರೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಬೆಳಿಗ್ಗೆ ಹೋಗಬೇಕು. ಹೋಟೆಲಿನಲ್ಲಾದರೆ, ರೊಕ್ಕ ನಾನೇ ಕೊಡಬೇಕಾದ ದಿನ ಮೀನುಗಾರಿಕೆ ಅಭಿವೃದ್ಧಿ ನಿಗಮದ ಮತ್ಸ್ಯದರ್ಶಿನಿಗೆ ಕರೆದುಕೊಂಡು ಹೋಗುತ್ತೇನೆ. ಬಂದವರು ಜಮೀನು ಮಾರಿ ಬಂದಿದ್ದು ಅವರೇ ಕೊಡುವುದಾದರೆ ರೆಸಿಡೆನ್ಸಿ ರಸ್ತೆಯ ‘ಕರಾವಳಿ’. ಅದು 1990ರಲ್ಲಿ ಶುರುವಾದದ್ದು. ಕೊಡಗಿನ ನರೇನ್ ತಿಮ್ಮಯ್ಯ ಅಲ್ಲಿನ ಒಲೆಯ ಮುಂದೆ ನಿಂತು ಮಂಗಳೂರು, ಗೋವಾ, ಕೇರಳದ ಮನೆ ಅಡುಗೆಗೆ ಪಂಚತಾರಾ ಮರ್ಯಾದೆ ತಂದುಕೊಟ್ಟರು. ಇವೆರಡರ ನಡುವೆ ಗಲ್ಲಿಗಲ್ಲಿಗೂ ಮಂಗಳೂರು ಕಡೆಯವರ ಹೋಟೆಲುಗಳಿವೆ. ರವೆ ಹಚ್ಚಿ ಕರಿದ ಕಾಣೆ, ಬಂಗಡೆ ಪುಳಿಮುಂಚಿ, ನೀರುದೋಸೆ. ನನಗಂತೂ ಇಂಥ ಹೋಟೆಲುಗಳೇ ಸಾಕು.

ನೆಂಟರಿಗೆ ಸಾಲದು. ಅವರದು ಎರಡು ತಕರಾರು. ಒಂದು, ಸಾರಿನಲ್ಲಿ ಕೊಬ್ಬರಿ. “ಕಾಯಿ ಪಾಯಸದಾಗ ಮೀನ ಬಿದ್ದೈತಲ್ಲೋ” ಎಂದು ಯಲಬುರ್ಗಾದ ದೊಡ್ಡಪ್ಪನೊಬ್ಬ ಗಸಿಯನ್ನು ಚಮಚದಿಂದ ಕಲಕಿ ನೋಡಿ ಹೇಳಿದ್ದರು, ಆಮೇಲೆ ಎರಡು ಸಲ ಹಾಕಿಸಿಕೊಂಡರು. ಇನ್ನೊಂದು, ರೊಟ್ಟಿ ಇಲ್ಲ. ಕುಚ್ಚಲಕ್ಕಿ ಅನ್ನ ನಮ್ಮವರಿಗೆ ಕೈಗೆ ಹತ್ತುವುದಿಲ್ಲ. ಜೂನ್, ಜುಲೈನಲ್ಲಿ ಬಂದವರಿಗೆ ನಾನು ಮೂರನೆಯ ತಕರಾರು ಕಲಿಸಿಕೊಟ್ಟಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಆ ದಿನಗಳಲ್ಲಿ ಯಾರಾದರೂ ‘ಇವತ್ತೇ ಮಲ್ಪೆಯಿಂದ ಬಂದದ್ದು’ ಎಂದರೆ ಯಾವ ದೋಣಿಯಲ್ಲಿ ಎಂದು ಕೇಳಬೇಕು.

ಸೂಶಿಯ ಮಾತು ಎತ್ತಿದವನು ಅಣ್ಣನ ಮಗ. ವೈಟ್‌ಫೀಲ್ಡಿನಲ್ಲಿ ಕೆಲಸ. ಗಂಗಾವತಿಯ ನನ್ನ ಸೋದರಮಾವ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲೇ ಸುಧಾರಿಸಿಕೊಳ್ಳುತ್ತಿದ್ದರು. “ಕಾಕಾ, ಅಜ್ಜಗ ಹೊಸ ಕಣ್ಣ ಬಂದಾವ, ಹೊಸಾದೇನರ ತೋರಸೂಣು” ಅಂದ ಹುಡುಗ. ಸೂಶಿ ಎಂದರೆ ಅನ್ನದ ಮೇಲೆ ಹಸಿ ಮೀನು ಎಂದು ವಿವರಿಸಿದೆವು. ಮಾವ ಯೋಚಿಸಿ ಕೇಳಿದರು: “ಯಾಕ, ಅವರ ಗ್ಯಾಸ ಮುಗದೈತೇನು?”

ಬೆಂಗಳೂರಿಗೆ ಸೂಶಿ ಬಂದ ಕಥೆಯಲ್ಲಿ ನಮಗೂ ಒಂದು ತಾರೀಕಿನ ಸಂಬಂಧವಿದೆ. 1997ರಲ್ಲಿ ಬಿಡದಿಯ ಕಾರು ಕಾರ್ಖಾನೆಗಾಗಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿತು. ಅದೇ ವರ್ಷ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಹುಟ್ಟಿತು. ಅವರಿಗೆ ಕಾರು ಬಂತು, ಕಾರಿನ ಹಿಂದೆ ಜಪಾನಿನ ಇಂಜಿನಿಯರುಗಳು ಬಂದರು, ಅವರ ಹಿಂದೆ ಅವರ ಊಟ ಬಂತು. ನಮಗೆ ಡಿ.ಸಿ. ಆಫೀಸು ಬಂತು. ಕಿರ್ಲೋಸ್ಕರ್ ಹೆಸರಿನ ಕಾರ್ಖಾನೆ ನಮ್ಮ ಬೇವಿನಹಳ್ಳಿಯಲ್ಲೂ ಉಂಟು, ಬೀಡು ಕಬ್ಬಿಣದ್ದು. ಅದರ ಬೆನ್ನಿಗೆ ಯಾವ ದೇಶದ ಅಡುಗೆಯೂ ಬರಲಿಲ್ಲ. ಬೆಂಗಳೂರಿನಲ್ಲಿ ರೆಸಿಡೆನ್ಸಿ ರಸ್ತೆಯ ಹರಿಮಾ, ಐಟಿಸಿ ಗಾರ್ಡೇನಿಯಾದ ಎಡೊ ಎಂಬ ಹೆಸರುಗಳು ಕೇಳಿಬಂದವು. ಈಗ ಮಾಲ್‌ಗಳಲ್ಲೂ ಸೂಶಿ ಸಿಗುತ್ತದೆ.

ನಾವು ಹೋದ ಕಡೆ ಕೌಂಟರಿನ ಹಿಂದೆ ಮಣಿಪುರದ ಹುಡುಗನೊಬ್ಬ ಕೈ ಒದ್ದೆ ಮಾಡಿಕೊಂಡು ಅನ್ನದ ಉಂಡೆ ಒತ್ತುತ್ತಿದ್ದ. ತಟ್ಟೆ ಬಂತು. ಮಾವ ಮೀನಿನ ಕಡೆ ನೋಡಲೇ ಇಲ್ಲ. ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಕೆಳಗಿನ ಅನ್ನದ ಅಗುಳೊಂದನ್ನು ಎತ್ತಿ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದರು. ಭತ್ತದ ವ್ಯಾಪಾರಿ ಗಂಗಾವತಿಯ ಎ.ಪಿ.ಎಂ.ಸಿ.ಯಲ್ಲಿ ಅವರ ಚೀಲಕ್ಕೆ ಕೈ ಹಾಕಿದಾಗ ಮಾಡುವ ಮುಖ ಮಾಡಿಕೊಂಡು ಅಂದರು: “ಅನ್ನ ಮುದ್ದಿ ಆಗೇತಿ.”

ಜಪಾನಿನ ಅಕ್ಕಿ ಗಿಡ್ಡ ಕಾಳು, ಅಂಟುವುದೇ ಅದರ ಗುಣ, ಅದಕ್ಕೆ ಹುಳಿನೀರು, ಸಕ್ಕರೆ, ಉಪ್ಪು ಬೆರೆಸಿರುತ್ತಾರೆ ಎಂದು ಹುಡುಗ ವಿವರಿಸಿದ. ಮಾವ ಒಪ್ಪಲಿಲ್ಲ. ಅಗುಳಿಗೆ ಅಗುಳು ಮುಟ್ಟಬಾರದು ಎಂದು ಸೋನಾ ಮಸೂರಿ ಬೆಳೆಯುತ್ತ ಬಂದ ಮನೆತನ. ಹೀಗೆ ಅನ್ನ ಮಾಡಿದ ಸೊಸೆಯನ್ನು ಅವರ ಮನೆಯಲ್ಲಿ ವಾರಗಟ್ಟಲೆ ಯಾರೂ ಮಾತಾಡಿಸುವುದಿಲ್ಲ. ಈ ತಟ್ಟೆಯ ದರಕ್ಕೆ ತಮ್ಮ ಊರಲ್ಲಿ ಒಂದು ಚೀಲ ಅಕ್ಕಿ ಬರುತ್ತದೆಂದು ಲೆಕ್ಕ ಹಾಕಿದ ಮೇಲೆ ಮುಖ ಇನ್ನೂ ಗಂಟಾಯಿತು. ವಾಸಾಬಿಯ ಹಸಿರು ಉಂಡೆಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡರು, ಬೇಡವೆನ್ನುವಷ್ಟರಲ್ಲಿ ಹೋಗಿತ್ತು. ಕೆಮ್ಮಲಿಲ್ಲ, ಕೂಗಲಿಲ್ಲ. ಹೊಸ ಕಣ್ಣಿನಿಂದ ನೀರು ಧಾರಾಕಾರ ಸುರಿಯಿತು. ಕಣ್ಣಿಗೆ ನೀರು ತಾಗಿಸಬೇಡಿ ಎಂದಿದ್ದ ಡಾಕ್ಟರು ಒಳಗಿನಿಂದ ಬರುವ ನೀರಿನ ವಿಷಯ ಹೇಳಿರಲಿಲ್ಲ.

ಸಮಾಧಾನಕ್ಕೆಂದು ನಾನು ಸೂಶಿಯ ಪುರಾಣ ತೆಗೆದೆ. ಈಗಿನ ಸೂಶಿ, ಅನ್ನದ ಉಂಡೆಯ ಮೇಲೆ ಮೀನಿನ ತುಂಡು, ಇನ್ನೂರು ವರ್ಷದ ಹಿಂದೆ ಈಗಿನ ಟೋಕಿಯೊದಲ್ಲಿ ಅವಸರದ ಮಂದಿಗಾಗಿ ಬೀದಿಯಲ್ಲಿ ಹುಟ್ಟಿದ್ದು. ಮೇಲಿನ ಕಿತ್ತಳೆ ಬಣ್ಣದ ಸಾಲ್ಮನ್ ಅಂತೂ ಇನ್ನೂ ಹೊಸತು. ಸಾಕಿದ ಮೀನು ಮಾರಬೇಕಾಗಿ ಬಂದ ನಾರ್ವೆಯವರು 1980ರ ದಶಕದಲ್ಲಿ ಜಪಾನಿನವರಿಗೇ ಅದನ್ನು ಹಸಿಯಾಗಿ ತಿನ್ನಲು ಕಲಿಸಿದರು. ಮೂಲದ ಸೂಶಿಗೆ ಸಮುದ್ರವೇ ಬೇಕಿರಲಿಲ್ಲ. ಭತ್ತದ ಗದ್ದೆ, ಹೊಳೆ, ಕೆರೆ ಇರುವ ಏಷ್ಯಾದ ನಾಡುಗಳಲ್ಲಿ ಮೀನಿಗೆ ಉಪ್ಪು ಹಾಕಿ, ಅನ್ನದಲ್ಲಿ ಹುಗಿದು, ಹುಳಿ ಬರಿಸಿ ಇಡುತ್ತಿದ್ದರು. ಜಪಾನಿನ ಬಿವಾ ಸರೋವರದ ಸುತ್ತ ಈಗಲೂ ಸಿಹಿನೀರಿನ ಮೀನಿನಿಂದ ಫುನಾಜುಶಿ ಎಂದು ಹಾಗೇ ಮಾಡುತ್ತಾರೆ, ವರ್ಷ ಕಾಯಬೇಕು. ಹಿಂದಿನ ಕಾಲದಲ್ಲಿ ಹುಳಿತ ಅನ್ನ ಚೆಲ್ಲಿ ಮೀನನ್ನಷ್ಟೇ ತಿನ್ನುತ್ತಿದ್ದರು.

“ಅನ್ನಾ ಚೆಲ್ತಿದ್ರು?” ಮಾವ ಚಾಪ್‌ಸ್ಟಿಕ್ ಕೆಳಗಿಟ್ಟರು. ಹಸಿ ಮೀನು, ಮುದ್ದೆ ಅನ್ನ, ಮೂಗಿಗೇರುವ ಖಾರ, ಎಲ್ಲವನ್ನೂ ಕ್ಷಮಿಸಬಹುದಿತ್ತು, ಇದನ್ನಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು: “ಹಂಗಾರ ಭತ್ತಾ ನಮ್ಮಲ್ಲೇ ಐತಿ. ಮೀನಾ ನಮ್ಮಲ್ಲೇ ಅದಾವು. ಇದನ್ನ ನಾವ್ಯಾಕ ಮಾಡಲಿಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ, ಮಣಿಪುರದ ಹುಡುಗನ ಹತ್ತಿರ ಇತ್ತು. ತಮ್ಮೂರಲ್ಲಿ ಮೀನನ್ನು ಹುಳಿ ಬರಿಸಿ ಇಡುತ್ತಾರೆ, ಅದಕ್ಕೆ ಙಾರಿ ಎನ್ನುತ್ತಾರೆ, ಈ ಸೂಶಿಗಿಂತ ಅದೇ ರುಚಿ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಹೊಳೆಯ ಮೀನನ್ನು ಮಾತ್ರ ಹಸಿ ತಿನ್ನಬೇಡಿ, ಹುಳ ಇರುತ್ತವೆ ಎಂದೂ ಸೇರಿಸಿದ. ಅದು ನಿಜ, ಸಿಹಿನೀರಿನ ಮೀನಿನ ಪರಾವಲಂಬಿಗಳು ನಮ್ಮ ಒಡಲಲ್ಲೂ ಸಂಸಾರ ಹೂಡಬಲ್ಲವು. ಮಾವನಿಗೆ ಹುಡುಗ ಬಹಳ ಹಿಡಿಸಿದ. ಸುಗ್ಗಿಗೆ ಬಾ ಎಂದು ಕನ್ನಡದಲ್ಲೇ ಕರೆದರು, ಅವನು ಹ್ಞೂಂ ಎಂದ.

ನಮ್ಮ ಮೀನಿಗೆ ಬೇರೆ ಚರಿತ್ರೆಯಿದೆ. ತುಂಗಭದ್ರೆಗೆ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ. ಈ ದಂಡೆ ನಿಜಾಮನದು, ಆ ದಂಡೆ ಮದ್ರಾಸಿನದು. 1953ರ ಹೊತ್ತಿಗೆ ನೀರು ನಿಂತಿತು. ನಿಂತ ನೀರಿನ ಅಡಿಯಲ್ಲಿ ನನ್ನ ಅಜ್ಜಿಯ ತವರೂರು ಇತ್ತು. ಬುಟ್ಟಿ ಹೊತ್ತು ಕಾಟ್ಲಾ, ರೋಹು ಮಾರಲು ಬರುವವಳ ಜೊತೆ ಅಜ್ಜಿಯ ಚೌಕಾಶಿ ಅದೇ ಆಧಾರದ ಮೇಲೆ ನಡೆಯುತ್ತಿತ್ತು: “ನಮ್ಮ ಹೊಲದಾಗ ಮೇಯ್ದ ಮೀನ ಇವು. ನನಗ ಯಾಕ ಇಷ್ಟ ರೇಟ ಹೇಳ್ತಿ?” ಅವಳೇನು ಕಡಿಮೆಯೇ? “ನಿಮ್ಮ ಹೊಲಾ ಇದ್ದರ ಒಯ್ರಿ ಯವ್ವಾ, ನೀರ ತಗದು ಒಯ್ರಿ. ಮೀನ ನನಗ ಬಿಡ್ರಿ.” ಕಡೆಗೆ ಒಂದು ತಲೆಯನ್ನು ಪುಕ್ಕಟೆ ಹಾಕಿ ಹೋಗುತ್ತಿದ್ದಳು. ಅಜ್ಜಿಗೆ ಸಿಕ್ಕ ಪರಿಹಾರದಲ್ಲಿ ಬಾಯಿಗೆ ರುಚಿಸಿದ್ದು ಅದೊಂದೇ.

ದೇವರ ಜಗುಲಿ ಇದ್ದ ಕಾರಣ ಮೀನಿನ ಗಡಿಗೆ ಹಿತ್ತಲ ಒಲೆಯ ಮೇಲೆ. ಕಾಟ್ಲಾದಲ್ಲಿ ಎರಡು ಕವಲಿನ ಸಣ್ಣ ಮುಳ್ಳುಗಳಿರುತ್ತವೆ. ಗಂಟಲಲ್ಲಿ ಸಿಕ್ಕರೆ ಜೋಳದ ರೊಟ್ಟಿಯ ತುಣುಕನ್ನು ಅಗಿಯದೆ ನುಂಗಬೇಕು ಎಂಬುದು ನಾವು ಅ ಆ ಇ ಈಗಿಂತ ಮೊದಲು ಕಲಿತ ಪಾಠ. ವೈದ್ಯರು ಈಗ ಹಾಗೆ ಮಾಡಬೇಡಿ ಎನ್ನುತ್ತಾರೆ. ನಮ್ಮ ಗಂಟಲುಗಳು ಅದರಲ್ಲೇ ಬೆಳೆದವು.

ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ ಈಗ ಸುಮಾರು 105 ಹಿಡಿಯುತ್ತದೆ. ಅಜ್ಜಿಯ ಹೊಲದ ಮೇಲೆ ಈಗ ನೀರಿಗಿಂತ ಮೊದಲು ಮಣ್ಣಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದ ವಾರ ಮಾವ ಫೋನು ಕೆಳಗಿಡಲಿಲ್ಲ, ಭತ್ತದ ಚಿಂತೆ. ಮೀನಿನ ಬಗ್ಗೆ ಕೇಳಿದೆ. “ಅವಕ್ಕೇನು, ಈಜಾಕ ಬರ್ತೈತಿ” ಅಂದರು.

ಹೀಗಾಗಿ ಕೇಳುವವರಿಗೆ ನನ್ನ ಉತ್ತರ ಈಗ ಸಿದ್ಧವಿದೆ. ಸೂಶಿ ತಿನ್ನಬೇಕೆಂದರೆ ಬೆಂಗಳೂರಿಗೆ ಬನ್ನಿ, ಅನ್ನದ ಬಗ್ಗೆ ಮಾತಾಡಬೇಡಿ. ಕಾಣೆ, ಬಂಗಡೆ ಬೇಕೆಂದರೆ ಜುಲೈ ಕಳೆದು ಬನ್ನಿ. ಕಾಟ್ಲಾ ಬೇಕೆಂದರೆ ಇಲ್ಲಿಯವರೆಗೆ ಬರುವುದೇ ಬೇಡ, ಮುನಿರಾಬಾದಿನಲ್ಲಿ ಇಳಿದುಬಿಡಿ. ರೊಟ್ಟಿ ಮಾತ್ರ ಮನೆಯಿಂದ ಕಟ್ಟಿಕೊಂಡು ಹೋಗಿ.