ಹುಡುಕಿ ತೆಗೆಸಿ ನೋಡಿದಿರಾ?

ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಯಿತು. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ಕಂಪ್ಯೂಟರು" ಎನ್ನುವುದರ ಆಚೆ ನನಗೆ ಉತ್ತರ ತಿಳಿಯದು. ಗೌರಿಹಬ್ಬಕ್ಕೆ ಬಂದವನನ್ನು ಅಡಿಗೆಮನೆಯಲ್ಲೇ ಕೂರಿಸಿಕೊಂಡು, "ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದಕ್ಕೆ ತಕ್ಕ ಹಾಗೆ ಹೇಳೋ" ಅಂದೆ.

ಜೇಬಿನಿಂದ ಬೆಂಕಿಪೊಟ್ಟಣದಂಥದ್ದೊಂದನ್ನು ತೆಗೆದ. ಪುಟ್ಟ ಪರದೆ, ಎರಡು ಗುಂಡಿ. ಹಾರ್ಡ್‌ವೇರ್ ವ್ಯಾಲೆಟ್ ಅಂತೆ. ಬಿಟ್‌ಕಾಯಿನ್ ಇಟ್ಟುಕೊಂಡವರು ಕೊಳ್ಳುತ್ತಾರೆ. ದುಡ್ಡು ಅದರೊಳಗಿಲ್ಲ, ದುಡ್ಡಿನ ಬೀಗದ ಕೈ ಮಾತ್ರ ಇದೆ. ಪ್ರಾಗ್ ಊರಿನವರು 2014ರಲ್ಲಿ ಟ್ರೆಜರ್ ಎಂಬುದನ್ನು ತಂದರಂತೆ. ಇವನ ಕಂಪನಿ ಬೇರೆ. ಸಾಧನದೊಳಗೆ ಕೂತು ಅದನ್ನು ನಡೆಸುವ ಪ್ರೋಗ್ರಾಮಿಗೆ ಫರ್ಮ್‌ವೇರ್ ಎಂದು ಹೆಸರು. ಅದರಲ್ಲಿ ಒಂದು ಸಾಲು ತಿದ್ದಿದರೂ ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಬೇಕು. ಅದೇ ಇವನ ಕೆಲಸ.

"ಒಂದೊಂದನ್ನೂ ಬೇರೆಬೇರೆ ನೋಡಿದರೆ ಸಾಲದಮ್ಮಾ. ಬೇಳೆ ಬೆಂದಿದೆ, ಹುಣಸೆಹಣ್ಣು ಸರಿಯಿದೆ, ಮಸಾಲೆ ನುಣ್ಣಗಾಗಿದೆ. ಹಾಗಂತ ಕುದಿದ ಹುಳಿಯ ರುಚಿ ನೋಡದೆ ಬಡಿಸ್ತೀಯಾ?"

ಇದು ನನಗೆ ತಿಳಿಯಿತು ನೋಡಿ!

ರುಚಿ ನೋಡುವುದೂ ಯಂತ್ರವೇ. ಕಂಪ್ಯೂಟರಿನೊಳಗೆ ಆ ಸಾಧನದ ನಕಲೊಂದು ಏಳುತ್ತದೆ. ಗುಂಡಿಯನ್ನೂ ಪ್ರೋಗ್ರಾಮೇ ಒತ್ತುತ್ತದೆ. ಪರದೆಯಲ್ಲಿ ಮೂಡಿದ್ದರ ಚಿತ್ರ ಹಿಡಿದು ಹಳೆಯ ಚಿತ್ರದ ಜೊತೆ ತಾಳೆ ನೋಡುತ್ತದೆ. ಒಂದು ಚುಕ್ಕೆ ಆಚೀಚೆಯಾದರೂ ಕೆಂಪು! ಕೆಂಪು ಬಂದ ರಾತ್ರಿ ಇವನಿಗೆ ನಿದ್ದೆಯಿಲ್ಲ. (ಕಣ್ಣಿನ ಕೆಳಗೆ ಕಪ್ಪಾಗಿರುವುದು ಯಾಕೆಂದು ಈಗ ಗೊತ್ತಾಯಿತು.)

ಸಾಧನ ಕಳೆದುಹೋದರೆ? ಅದಕ್ಕೂ ದಾರಿಯಿದೆ. 2048 ಇಂಗ್ಲಿಷ್ ಪದಗಳ ಪಟ್ಟಿಯಿಂದ 12 ಅಥವಾ 24 ಪದಗಳನ್ನು ಅದೇ ಆರಿಸಿ ಕೊಡುತ್ತದೆ. ಕಾಗದದ ಮೇಲೆ ಬರೆದಿಡಬೇಕು. ಟ್ರೆಜರಿನವರು ಪರೀಕ್ಷೆಗೆ "ಆಲ್" ಎಂಬ ಒಂದೇ ಪದವನ್ನು 12 ಸಲ ಹಾಕುತ್ತಾರಂತೆ. ಊರಿಗೆಲ್ಲ ಗೊತ್ತಿರುವ ಗುಟ್ಟು, ಅದರಲ್ಲಿ ನಿಜವಾದ ದುಡ್ಡು ಇಡುವಂತಿಲ್ಲ. ಸಾಧನವನ್ನು ಪೂರ್ತಿ ಅಳಿಸಿ, ಪದಗಳನ್ನು ಮತ್ತೆ ತುಂಬಿ, ಹಳೆಯ ವಿಳಾಸವೇ ಬಂತೇ ಎಂದು ನೋಡುವ ಪರೀಕ್ಷೆಯೂ ಉಂಟು.

"ಬರೆದಿಟ್ಟರೆ ಸಾಲದು, ಅದರಿಂದ ವಾಪಸು ಸಿಗುತ್ತಾ ಅಂತ ನೋಡಬೇಕು" ಎಂದ.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹೋದ ವರ್ಷ ಪಿತ್ತಕೋಶದ ಆಪರೇಷನ್ನಿಗೆ ನನ್ನನ್ನು ರಾತ್ರೋರಾತ್ರಿ ಒಯ್ದಿದ್ದರು. ಕೂಡಿಟ್ಟ 18,000 ರೂಪಾಯಿ ನೀಲಿ ಡಬ್ಬಿಯಲ್ಲಿದೆ ಎಂದು ನಮ್ಮ ಯಜಮಾನರಿಗೆ ಹಿಂದೆಯೇ ಹೇಳಿದ್ದೆ. ಆಮೇಲೆ ಇರುವೆ ಬಂತೆಂದು ರವೆ ಡಬ್ಬಿಯ ತಳಕ್ಕೆ ಹಾಕಿದ್ದು ಮಾತ್ರ ಹೇಳಿರಲಿಲ್ಲ. ಪಾಪ, ಅವರು ನೀಲಿ ಡಬ್ಬಿ ಬೋರಲು ಹಾಕಿ, ಕಡೆಗೆ ಪಕ್ಕದ ಮನೆಯವರ ಮುಂದೆ ಕೈಯೊಡ್ಡಿದರು. ಮೂವತ್ತು ವರ್ಷದಲ್ಲಿ ಯಾರ ಹತ್ತಿರವೂ ಸಾಲ ಕೇಳದ ಮನುಷ್ಯ. ಆ ಮಾತನ್ನು ಇವತ್ತಿಗೂ ಎತ್ತಿಲ್ಲ. ಅದೇ ನನಗೆ ಹೆಚ್ಚು ನೋವು.

ಊಟವಾದ ಮೇಲೆ ಯಜಮಾನರನ್ನು ಕರೆದೆ. "ನಾನು ಊರಲ್ಲಿಲ್ಲ ಅಂದ್ಕೊಳ್ಳಿ. ಬೀರುವಿನ ಬೀಗದ ಕೈ, ಬ್ಯಾಂಕಿನ ಪುಸ್ತಕ, ನನ್ನ ಬಳೆ ಹುಡುಕಿ ತನ್ನಿ" ಎಂದು ಹೇಳಿ ಜಗಲಿಯಲ್ಲಿ ಕೂತೆ. ಮಗ ಗಡಿಯಾರ ಹಿಡಿದ. ಹತ್ತು ನಿಮಿಷದಲ್ಲಿ ಪುಸ್ತಕ ಸಿಕ್ಕಿತು. ಬೀಗದ ಕೈ ಸಿಗಲಿಲ್ಲ.

"ಕೆಂಪು!" ಎಂದ ಮಗ.

"ಎಲ್ಲಿಟ್ಟಿದ್ದೀಯೇ?" ಒಳಗಿನಿಂದ ಇವರು ಕೂಗಿದರು. ಹೇಳೋಣವೆಂದು ಬಾಯಿ ತೆರೆದೆ. ನನಗೂ ನೆನಪಾಗಲಿಲ್ಲ.