ಹಲಗೆ ಚಾಚುವ ಬಸ್ಸು

2025 ಜೂನ್ 3, ಮಂಗಳವಾರ. ಇಲ್ಫರ್ಡ್, ಲಂಡನ್

ಎಲ್ಲರೂ ಇಳಿದುಹೋದ ಮೇಲೂ ವಿಮಾನದ ಸೀಟಿನಲ್ಲೇ ಕೂತಿದ್ದೆ. ಒಳಗಿನ ಸಂದಿಯಲ್ಲಿ ತೂರುವಂಥ ಕಿರಿದಾದ ಕುರ್ಚಿ ತರಬೇಕಾದವರು ಇನ್ನೆಲ್ಲೋ ಯಾರನ್ನೋ ಇಳಿಸುತ್ತಿದ್ದರಂತೆ. ಕಸ ಎತ್ತುವವರು ಬಂದು ನನ್ನ ಕಾಲ ಬಳಿ ಬಿದ್ದಿದ್ದ ಕಂಬಳಿ ಮಡಚಿ, ಮುಗುಳ್ನಕ್ಕು ಹೋದರು. ಆಮೇಲೆ ಇಬ್ಬರು ಬಂದು ಬೆಲ್ಟು ಬಿಗಿದು ಎಳೆದುಕೊಂಡು ಹೋದರು. ನನ್ನ ಸ್ವಂತ ಕುರ್ಚಿಯನ್ನು ವಿಮಾನದ ಬಾಗಿಲಿಗೇ ತಂದುಕೊಡಬೇಕೆಂದು ಬೆಂಗಳೂರಿನಲ್ಲೇ ಹೇಳಿ, ಚೀಟಿ ಕಟ್ಟಿಸಿ ಬಂದಿದ್ದೆ. ಅದು ಸೂಟ್‌ಕೇಸುಗಳ ನಡುವೆ ಬೆಲ್ಟಿನ ಮೇಲೆ ಅಡ್ಡಬಿದ್ದು ಬಂತು. ಪಾದ ಇಡುವ ಪಟ್ಟಿ ಸೊಟ್ಟಗಾಗಿತ್ತು.

"ಕುರ್ಚಿಗೇ ಕಾಲು ಉಳುಕಿದೆ, ದೊಡ್ಡಮ್ಮ" ಎಂದ ತಂಗಿಯ ಮಗ. ಮನೆಗೆ ಬಂದ ಕೂಡಲೇ ಸ್ಪ್ಯಾನರ್ ಹುಡುಕಿ ಸರಿಮಾಡಿದ. ಬ್ಯಾಟರಿ ಕಳಚಿ ನನ್ನ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ, ಅದೊಂದು ಉಳಿಯಿತು. ವಿಮಾನದವರಿಗೆ ದೂರು ಬರೆದದ್ದಾಯಿತು. "ನಿಮಗಾದ ಅನನುಕೂಲಕ್ಕೆ ವಿಷಾದ" ಎಂಬ ಉತ್ತರ ತಾನಾಗಿ ಬಂತು. ಬರೆದದ್ದು ಮನುಷ್ಯರಲ್ಲ ಎಂಬುದು ಓದಿದರೇ ತಿಳಿಯುತ್ತಿತ್ತು.

ತಂಗಿಯ ಫ್ಲ್ಯಾಟಿಗೆ ಹೊಸ್ತಿಲೇ ಇಲ್ಲ. ಶೌಚಾಲಯದ ಬಾಗಿಲಲ್ಲಿ ಕುರ್ಚಿ ಸಲೀಸಾಗಿ ಹೋಗುತ್ತದೆ. ಇದು ನಿನಗೋಸ್ಕರ ಮಾಡಿಸಿದ್ದಲ್ಲ ಅಕ್ಕ, ಇಂಗ್ಲೆಂಡಿನಲ್ಲಿ 1999ರಿಂದೀಚೆಗೆ ಕಟ್ಟಿದ ಮನೆಗಳಿಗೆಲ್ಲ ಇದು ನಿಯಮ ಎಂದಳು. ನನಗೋಸ್ಕರ ಮಾಡಿಸಿದ್ದಲ್ಲ ಎಂಬುದೇ ಹೆಚ್ಚು ಹಿತವೆನಿಸಿತು.

ಜೂನ್ 6

ಬಸ್ಸಿನಲ್ಲಿ ಹೋದೆ. ಒಬ್ಬಳೇ. ಇದನ್ನು ಮರೆಯದೆ ಬರೆದಿಡಬೇಕು.

ಹೇಗೆಂದರೆ: ಬಸ್ಸಿನ ನಡುಬಾಗಿಲ ಪಕ್ಕದಲ್ಲಿ, ಹೊರಗಡೆ, ಗಾಲಿಕುರ್ಚಿಯ ಚಿತ್ರವಿರುವ ನೀಲಿ ಗುಂಡಿ ಇದೆ. ಒತ್ತಿದೆ. ಡ್ರೈವರ್ ಮೊದಲು ಇಳಿಯುವವರನ್ನು ಇಳಿಸಿ ಬಾಗಿಲು ಮುಚ್ಚಿದ. ಕೀಂ ಕೀಂ ಎಂದು ಸದ್ದಾಗಿ, ಬಾಗಿಲ ಕೆಳಗಿನಿಂದ ಲೋಹದ ಹಲಗೆಯೊಂದು ಹೊರಗೆ ಚಾಚಿ ಫುಟ್‌ಪಾತಿಗೆ ಒರಗಿತು. ಬಾಗಿಲು ತೆರೆಯಿತು. ಏರಿದೆ. ಒಳಗೆ ಹೋಗಿ ಕುರ್ಚಿಯನ್ನು ತಿರುಗಿಸಿ, ಹಿಂದಕ್ಕೆ ಸರಿದು, ಮೆತ್ತೆ ಹಾಕಿದ ಒರಗುಹಲಗೆಗೆ ಬೆನ್ನು ತಾಗಿಸಿ ನಿಲ್ಲಿಸಬೇಕು. ಬಸ್ಸು ಹೋಗುವ ದಿಕ್ಕಿಗೆ ನಮ್ಮ ಬೆನ್ನು. ಬ್ರೇಕು ಹಾಕಿದರೂ ಜಾರುವುದಿಲ್ಲ, ಬೆಲ್ಟೂ ಬೇಡ. ಇಳಿಯಬೇಕಾದಾಗ ಪಕ್ಕದಲ್ಲಿ ಇನ್ನೊಂದು ನೀಲಿ ಗುಂಡಿ. ಗಾಲಿಕುರ್ಚಿಯವರಿಗೆ ಲಂಡನ್ ಬಸ್ಸಿನಲ್ಲಿ ಟಿಕೆಟ್ಟಿಲ್ಲ.

ಡ್ರೈವರ್ ನನ್ನ ಮುಖ ನೋಡಲಿಲ್ಲ, ನಾನೂ ಥ್ಯಾಂಕ್ಸ್ ಹೇಳಲಿಲ್ಲ. ನಮ್ಮೂರಿನಲ್ಲಿ ಬಸ್ಸು ಹತ್ತಬೇಕೆಂದರೆ ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತುತ್ತಾರೆ, ಒಬ್ಬರು ಕುರ್ಚಿಯನ್ನು ಟಾಪಿಗೆ ಏರಿಸುತ್ತಾರೆ. ಸೀಟು ಬಿಟ್ಟುಕೊಡುವ ಹೆಂಗಸು ಯಾವ ದೇವರಿಗೆ ಹರಕೆ ಹೊರಬೇಕೆಂದು ಹೇಳಿಕೊಡುತ್ತಾಳೆ. ಅವರೆಲ್ಲ ಒಳ್ಳೆಯವರೇ, ಅನುಮಾನವಿಲ್ಲ. ಆದರೆ ಐವತ್ತು ವರ್ಷ ಒಳ್ಳೆಯವರ ಕೈಯಲ್ಲಿ ಎತ್ತಿಸಿಕೊಂಡವಳಿಗೆ ಮುಖ ನೋಡದ ಡ್ರೈವರ್ ಎಷ್ಟು ದೊಡ್ಡ ಉಪಕಾರ ಮಾಡಿದನೆಂದು ಎತ್ತುವವರಿಗೆ ಗೊತ್ತಾಗದು.

ಜೂನ್ 9

ಬಸ್ಸಿನಲ್ಲಿ ಗಾಲಿಕುರ್ಚಿಗೆ ಇರುವುದು ಒಂದೇ ಜಾಗ. ಇವತ್ತು ಅಲ್ಲಿ ಮಗುವಿನ ತಳ್ಳುಗಾಡಿ ನಿಂತಿತ್ತು. ಧ್ವನಿಮುದ್ರಿತ ಹೆಣ್ಣು ದನಿಯೊಂದು ಜಾಗ ಬಿಡಬೇಕೆಂದು ಕೇಳಿಕೊಂಡಿತು. ಆ ತಾಯಿ ಕಿಟಕಿ ಕಡೆ ತಿರುಗಿದಳು. ಡ್ರೈವರ್ ತಾನೇ ಮೈಕಿನಲ್ಲಿ ಇನ್ನೊಮ್ಮೆ ಹೇಳಿದ. ಬಸ್ಸು ಹೊರಡಲೇ ಇಲ್ಲ. ಹಿಂದಿನವರು ಗಡಿಯಾರ ನೋಡತೊಡಗಿದ ಮೇಲೆ ಆಕೆ ಮಗುವನ್ನು ಎತ್ತಿಕೊಂಡು ಗಾಡಿ ಮಡಚಿದಳು. ಮಗು ಎದ್ದು ಅಳಲು ಶುರುಮಾಡಿತು. ಉಳಿದ ದಾರಿಯುದ್ದಕ್ಕೂ ಅದರ ಅಳು ನನ್ನದೇ ತಪ್ಪೆಂಬಂತೆ ಕೂತಿದ್ದೆ.

ಸಂಜೆ ತಂಗಿಯ ಗಂಡ ಡಗ್ ಪೌಲಿ ಎಂಬುವರ ಕತೆ ಹೇಳಿದರು. 2012ರ ಫೆಬ್ರವರಿಯಲ್ಲಿ ವೆದರ್‌ಬಿಯಿಂದ ಲೀಡ್ಸ್‌ಗೆ ಹೊರಟ ಪೌಲಿಗೆ ಇದೇ ಆಯಿತು: ತಳ್ಳುಗಾಡಿಯಲ್ಲಿ ಮಲಗಿದ ಮಗು, ಮಡಚುವುದಿಲ್ಲವೆಂದ ತಾಯಿ, ಹೊರಗೆ ಗಾಲಿಕುರ್ಚಿ. ಪೌಲಿ ಆ ಬಸ್ಸನ್ನೂ ಕಳೆದುಕೊಂಡರು, ಮುಂದೆ ಹಿಡಿಯಬೇಕಿದ್ದ ರೈಲನ್ನೂ ಕಳೆದುಕೊಂಡರು. ಬಸ್ ಕಂಪನಿಯ ಮೇಲೆ ದಾವೆ ಹೂಡಿ ಗೆದ್ದು, ಮೇಲ್ಮನವಿಯಲ್ಲಿ ಸೋತು, ಸುಪ್ರೀಂ ಕೋರ್ಟಿನವರೆಗೆ ಹೋದರು. 2017ರ ಜನವರಿಯಲ್ಲಿ ತೀರ್ಪು ಬಂತು. ಚಾಲಕ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಕಾರಣವಿಲ್ಲದೆ ಜಾಗ ಬಿಡದವರ ಮೇಲೆ ಒತ್ತಡ ಬರುವಂತೆ ಬಸ್ಸನ್ನು ಕೆಲ ನಿಮಿಷ ನಿಲ್ಲಿಸಿಕೊಳ್ಳುವುದನ್ನೂ ಯೋಚಿಸಬೇಕು. ಜಾಗ ಬಿಡದವರನ್ನು ಇಳಿಸಿಯೇ ತೀರಬೇಕೆಂದು ಮಾತ್ರ ಕೋರ್ಟು ಹೇಳಲಿಲ್ಲ. ಪೂರ್ತಿ ಗೆಲುವಲ್ಲ. ಆದರೂ ಇವತ್ತು ನನಗೋಸ್ಕರ ಬಸ್ಸು ನಿಂತದ್ದರ ಹಿಂದೆ ಆ ಐದು ವರ್ಷದ ಓಡಾಟವಿದೆ.

ಜೂನ್ 12

ಟ್ಯೂಬ್ ರೈಲಿನ ನಕ್ಷೆ ಹರಡಿಕೊಂಡು ಕೂತಿದ್ದೆ. ಕೆಲವು ನಿಲ್ದಾಣಗಳ ಮೇಲೆ ಗಾಲಿಕುರ್ಚಿಯ ಗುರುತು. ನೀಲಿ ವೃತ್ತದಲ್ಲಿದ್ದರೆ ರಸ್ತೆಯಿಂದ ರೈಲಿನ ಒಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿ ವೃತ್ತದಲ್ಲಿದ್ದರೆ ಪ್ಲ್ಯಾಟ್‌ಫಾರಂವರೆಗೆ ಮಾತ್ರ ಮೆಟ್ಟಿಲಿಲ್ಲ. ಅಲ್ಲಿಂದ ರೈಲಿಗೆ ಎತ್ತರವೋ ಸಂದಿಯೋ ಇರುತ್ತದೆ, ಸಿಬ್ಬಂದಿ ಹಲಗೆ ತಂದಿಡಬೇಕು. ಗುರುತೇ ಇಲ್ಲದಿದ್ದರೆ ಆಸೆ ಬಿಡುವುದು. ಒಟ್ಟು 272 ನಿಲ್ದಾಣ, ಮೆಟ್ಟಿಲಿಲ್ಲದವು ಸುಮಾರು ಮೂರನೇ ಒಂದು ಪಾಲು. 1863ರಲ್ಲಿ ಶುರುವಾದ ರೈಲು, ನೆಲದಡಿ ಕೊರೆದವರಿಗೆ ನಮ್ಮ ನೆನಪಾಗಿರಲಿಲ್ಲ. 1987ರಲ್ಲಿ ಶುರುವಾದ ಲಘು ರೈಲು ಡಿಎಲ್‌ಆರ್‌ನಲ್ಲಿ ಮೊದಲಿನಿಂದಲೇ ಎಲ್ಲ ಕಡೆ ದಾರಿಯಿದೆ. ಕಟ್ಟುವಾಗಲೇ ಸೇರಿಸಿದರೆ ಖರ್ಚು ಗೊತ್ತಾಗುವುದಿಲ್ಲ, ಆಮೇಲೆ ಬಂಡೆ ಒಡೆಯಬೇಕು.

ಮೂರರಲ್ಲಿ ಎರಡು ಪಾಲು ಮುಚ್ಚಿದ ಊರನ್ನು ಹೊಗಳುವುದೇನಿದೆ ಎಂದು ತಂಗಿ ಕೇಳಿದಳು. ಮುಚ್ಚಿದ್ದು ಯಾವುದೆಂದು ಮನೆಯಲ್ಲೇ ಗೊತ್ತಾಗುತ್ತದಲ್ಲ, ಅದನ್ನೇ ಹೊಗಳುತ್ತಿದ್ದೇನೆ. ನಾವು ಎಲ್ಲಿಗಾದರೂ ಹೊರಡುವ ಮುಂಚೆ ಫೋನು ಮಾಡಿ ಕೇಳಿದರೆ "ಮೆಟ್ಟಿಲಾ? ಏನಿಲ್ಲ ಬನ್ನಿ, ಒಂದೆರಡು ಇರಬಹುದು" ಎನ್ನುತ್ತಾರೆ. ಹೋಗಿ ನೋಡಿದರೆ ಒಂಬತ್ತು.

ಆದರೆ ನಕ್ಷೆಗೂ ತಿಳಿಯದ ಸಂಗತಿಯಿದೆ. ಮಧ್ಯಾಹ್ನ ನೀಲಿ ವೃತ್ತದ ಒಂದು ನಿಲ್ದಾಣದಲ್ಲಿ ಇಳಿದರೆ ಲಿಫ್ಟ್ ಕೆಟ್ಟಿತ್ತು. ಇಪ್ಪತ್ತು ಮೀಟರ್ ಕೆಳಗೆ, ಎಸ್ಕಲೇಟರ್ ಬುಡದಲ್ಲಿ ಕೂತು ಮೇಲಿನ ಬೆಳಕು ನೋಡುವುದಾಯಿತು. ಸಿಬ್ಬಂದಿ ಹುಡುಗಿ ಬಂದು, ಮುಂದಿನ ಯಾವ ನಿಲ್ದಾಣದಲ್ಲಿ ಲಿಫ್ಟ್ ಓಡುತ್ತಿದೆ ಎಂದು ವಾಕಿಟಾಕಿಯಲ್ಲಿ ವಿಚಾರಿಸಿ, ರೈಲು ಹತ್ತಿಸಿ, ಅಲ್ಲಿಂದ ಹಿಡಿಯಬೇಕಾದ ಬಸ್ಸನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಮುಕ್ಕಾಲು ಗಂಟೆ ಹೋಯಿತು. ಇಲ್ಲಿ ನೆಲೆಸಿದವರಿಗೆ ಇದು ಕೆಲಸಕ್ಕೆ ಹೋಗುವ ಬೆಳಗಿನ ಹೊತ್ತು ಆಗುತ್ತದೆ. ಪ್ರವಾಸಿಗಳಾದ ನಮ್ಮದೇನು, ಮ್ಯೂಸಿಯಂ ನಾಳೆಯೂ ಇರುತ್ತದೆ.

ಜೂನ್ 13

ಮಳೆ. ಹೊರಗೆ ಹೋಗಲಿಲ್ಲ. ನಿನ್ನೆ ನೋಡಿದ ಒಂದು ಸಣ್ಣ ವಿಷಯ: ಅಂಗವಿಕಲರ ಶೌಚಾಲಯದಲ್ಲಿ ಸೂರಿನಿಂದ ಕೆಂಪು ದಾರ ಇಳಿಬಿಟ್ಟಿರುತ್ತಾರೆ, ಎಳೆದರೆ ಸಹಾಯಕ್ಕೆ ಗಂಟೆ ಮೊಳಗುತ್ತದೆ. ಬಿದ್ದವರ ಕೈಗೆ ಎಟುಕಲೆಂದು ಅದು ನೆಲ ಮುಟ್ಟುವಷ್ಟು ಉದ್ದವಿರಬೇಕು. ನಿನ್ನೆ ಹೋದ ಹೋಟೆಲಿನಲ್ಲಿ ನೆಲ ಒರೆಸುವಾಗ ತೊಡಕಾಗುತ್ತದೆಂದು ಯಾರೋ ಅದನ್ನು ಸುತ್ತಿ ಭುಜದೆತ್ತರಕ್ಕೆ ಗಂಟು ಹಾಕಿದ್ದರು. ಬಿಚ್ಚಿ ಬಂದೆ. ದಾರ ಹಾಕಿಸಿದ್ದು ಕಾನೂನಿನ ಭಯ, ಗಂಟು ಹಾಕಿದ್ದು ಮಾಪಿನವರ ಆತುರ.

ಜೂನ್ 17

ಕೆಳಗಿನ ಫ್ಲ್ಯಾಟಿನಾಕೆ ಟೀಗೆ ಕರೆದಿದ್ದರು. ಎಪ್ಪತ್ತು ದಾಟಿದೆ, ನಲವತ್ತು ವರ್ಷದಿಂದ ಗಾಲಿಕುರ್ಚಿ. ಇಲ್ಲಿಯ ಬಸ್ಸುಗಳನ್ನು ನಾನು ಹೊಗಳಿದ್ದೇ ತಡ, ಕಪ್ಪು ಕೆಳಗಿಟ್ಟರು. "ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ, ತಿಳಿದುಕೊಳ್ಳಿ."

ಟಿವಿಯಲ್ಲಿ ಟೆಲಿಥಾನ್ ಎಂದು ಬರುತ್ತಿತ್ತಂತೆ, ಅಂಗವಿಕಲರ ಗೋಳು ತೋರಿಸಿ ದೇಣಿಗೆ ಎತ್ತುವುದು. 1992ರಲ್ಲಿ ನೂರಾರು ಅಂಗವಿಕಲರು ಸ್ಟುಡಿಯೋ ಎದುರು ಜಮಾಯಿಸಿ ಧಿಕ್ಕಾರ ಕೂಗಿದರು. ಅದಾದ ಮೇಲೆ ಟೆಲಿಥಾನ್ ಮತ್ತೆ ಬರಲಿಲ್ಲ. ಮರುವರ್ಷ ಬಾರ್ಬರಾ ಲಿಸಿಕಿ, ಆ್ಯಲನ್ ಹೋಲ್ಡ್ಸ್‌ವರ್ತ್ ಮೊದಲಾದವರು ಡೈರೆಕ್ಟ್ ಆ್ಯಕ್ಷನ್ ನೆಟ್‌ವರ್ಕ್ ಕಟ್ಟಿದರು. ಬಸ್ಸುಗಳಿಗೆ ತಮ್ಮನ್ನು ಕೈಕೋಳದಿಂದ ಬಿಗಿದುಕೊಂಡು ರಸ್ತೆ ತಡೆದರು. ಬಂಧಿಸಲು ಬಂದ ಪೊಲೀಸರ ವ್ಯಾನಿಗೆ ಗಾಲಿಕುರ್ಚಿ ಏರುತ್ತಿರಲಿಲ್ಲ ಎನ್ನುವಾಗ ಈಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನು ಫಲಕ ಹಿಡಿದು ನಿಂತವಳು ಅಷ್ಟೆ, ಕೋಳ ಹಾಕಿಕೊಳ್ಳುವ ಧೈರ್ಯ ಇರಲಿಲ್ಲ." ಆ ಹೋರಾಟಗಾರರು ಹಾಕಿಕೊಳ್ಳುತ್ತಿದ್ದ ಅಂಗಿಯ ಮೇಲೆ, ನಿಮ್ಮ ಕನಿಕರದ ಮೇಲೆ ಉಚ್ಚೆ ಹೊಯ್ಯುತ್ತೇವೆ ಎಂಬರ್ಥದ ಘೋಷಣೆ ಇತ್ತಂತೆ. ಅಮ್ಮ ಇದ್ದಿದ್ದರೆ ಈ ಪುಟ ಓದಿ ಬೈಯುತ್ತಿದ್ದಳು.

1995ರ ನವೆಂಬರಿನಲ್ಲಿ ಇಲ್ಲಿ ಅಂಗವಿಕಲರ ಪರ ಕಾಯಿದೆ ಆಯಿತು, ಹತ್ತು ವರ್ಷದಲ್ಲಿ, 2005ರ ಕೊನೆಗೆ, ಲಂಡನ್ನಿನ ಮಾಮೂಲಿ ಬಸ್ಸುಗಳೆಲ್ಲ ತಗ್ಗು ನೆಲದವಾದವು. ನಿಮ್ಮಲ್ಲಿ ಕಾಯಿದೆ ಇಲ್ಲವೇ ಎಂದು ಕೇಳಿದರು. ಇದೆ, ನಮ್ಮ ಸಂಸತ್ತು ಒಪ್ಪಿದ್ದೂ ಅದೇ 1995ರಲ್ಲಿ, ನಿಮ್ಮದಾದ ಮರುತಿಂಗಳಿಗೇ ನಮ್ಮದು ಎಂದೆ.

"ಹಾಗಾದರೆ ನಿಮ್ಮ ಬಸ್ಸು ಎಲ್ಲಿ?"

ಟೀ ಕುಡಿದೆ.

ಜೂನ್ 21

ತಂಗಿಯ ಸ್ನೇಹಿತೆ, ದಾವಣಗೆರೆಯವಳು, ಊಟಕ್ಕೆ ಕರೆದಿದ್ದಳು. ಬೆಣ್ಣೆದೋಸೆಯ ಹಿಟ್ಟು ನೆನೆಹಾಕಿದ್ದೇನೆ ಎಂದು ಎರಡು ದಿನ ಮುಂಚಿನಿಂದ ಫೋನು. ನೂರು ವರ್ಷ ಹಳೆಯ ಸಾಲುಮನೆ. ಬಾಗಿಲಿಗೆ ಮೂರು ಮೆಟ್ಟಿಲು, ಒಳಗಿನ ನಡೆ ನನ್ನ ಕುರ್ಚಿಗಿಂತ ಕಿರಿದು, ಬಚ್ಚಲು ಮಹಡಿಯ ಮೇಲೆ. ಊರು ತುಂಬ ಇಂಥವೇ ಮನೆ. ಹುಡುಗರು ಎತ್ತುತ್ತೇವೆಂದರು, ನಾನು ಬೇಡವೆಂದೆ. ಕೊನೆಗೆ ಮನೆಯ ಮುಂದಿನ ಚಪ್ಪಡಿ ಹಾಸಿದ ಜಾಗದಲ್ಲೇ ಎಲ್ಲರೂ ಕುರ್ಚಿ ತಂದು ಕೂತರು. ಕಾವಲಿ ಒಳಗೆ, ತಿನ್ನುವವರು ಹೊರಗೆ, ದೋಸೆ ಓಡಾಡಿತು. ಬಿಸಿಲಿತ್ತು, ಚಟ್ನಿ ಚೆನ್ನಾಗಿತ್ತು, ನೀರು ಮಾತ್ರ ನಾನು ಕುಡಿಯಲಿಲ್ಲ. ಯಾಕೆಂದು ಗಾಲಿಕುರ್ಚಿಯವರಿಗೆ ಹೇಳಬೇಕಾಗಿಲ್ಲ.

ಕೆಳಗಿನಾಕೆ ಮೊನ್ನೆ ಹೇಳಿದ್ದು ಈಗ ಅರ್ಥವಾಯಿತು. ಲಂಡನ್ನಿನ ಯಾವ ಸಿನಿಮಾ ಮಂದಿರಕ್ಕೂ ಹೋಗಿಬರಬಲ್ಲೆ, ಸ್ವಂತ ತಂಗಿಯ ಮನೆಗೆ ಹೋಗಿ ಹನ್ನೆರಡು ವರ್ಷವಾಯಿತು ಎಂದಿದ್ದರು.

ಜೂನ್ 25

ಎಲಿಜಬೆತ್ ಲೈನಿನಲ್ಲಿ ಸ್ಟ್ರಾಟ್‌ಫರ್ಡ್‌ಗೆ. ಇಲ್ಫರ್ಡ್‌ನಲ್ಲಿ ಸಿಬ್ಬಂದಿ ಹಲಗೆ ಇಟ್ಟು ಹತ್ತಿಸುತ್ತಾರೆ. ನಡುವೆ ಮ್ಯಾನರ್ ಪಾರ್ಕ್, ಮೇರಿಲ್ಯಾಂಡ್ ಬರುತ್ತವೆ. ಹೊಸ ಮಾರ್ಗಕ್ಕೆ ಸುರಂಗ ತೋಡುತ್ತಿದ್ದ ಕಾಲಕ್ಕೂ ಈ ಎರಡೂ ಸೇರಿದಂತೆ ಏಳು ನಿಲ್ದಾಣಗಳಿಗೆ ಮೆಟ್ಟಿಲಿಲ್ಲದ ದಾರಿ ಯೋಜನೆಯಲ್ಲಿರಲಿಲ್ಲ. ಟ್ರಾನ್ಸ್‌ಪೋರ್ಟ್ ಫಾರ್ ಆಲ್ ಎಂಬ ಸಂಘಟನೆಯವರು ಹಟ ಹಿಡಿದ ಮೇಲೆ 2014ರಲ್ಲಿ ಅದಕ್ಕೂ ಹಣ ಬಂತು. ಈಗ 41 ನಿಲ್ದಾಣಗಳಲ್ಲೂ ದಾರಿಯಿದೆ.

ಸ್ಟ್ರಾಟ್‌ಫರ್ಡ್‌ಗೆ ಹೋದದ್ದು ಒಲಿಂಪಿಕ್ ಕ್ರೀಡಾಂಗಣ ನೋಡಲು. 2012ರ ಸೆಪ್ಟೆಂಬರಿನಲ್ಲಿ, ಪ್ಯಾರಾಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ, ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 1.74 ಮೀಟರ್ ಹಾರಿದ್ದು ಇಲ್ಲಿ. ಚಿನ್ನ ಗೆದ್ದ ಫಿಜಿಯ ಇಲಿಯೇಸ ಡೆಲಾನ ಹಾರಿದ್ದೂ ಅಷ್ಟೇ ಎತ್ತರ. ವಿಫಲ ಯತ್ನಗಳನ್ನು ಎಣಿಸಿದಾಗ ಗಿರೀಶರಿಗೆ ಬೆಳ್ಳಿ. ಆ ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಈಗ ಕ್ರೀಡಾಂಗಣ ವೆಸ್ಟ್ ಹ್ಯಾಮ್ ಫುಟ್ಬಾಲ್ ತಂಡದ ಮನೆ. ಹೊರಗಿನ ಸೇತುವೆ, ದಾರಿ ಎಲ್ಲವೂ ಹೂವಿನ ಮೇಲೆ ಹೋದಂತೆ ನುಣುಪು. ಗೇಟಿನ ಕಾವಲಿನವನಿಗೆ ಗಿರೀಶರ ವಿಷಯ ಹೇಳಿದೆ. "ವೆಲ್ ಡನ್" ಎಂದ, ನಾನೇ ಹಾರಿದವಳೆಂಬಂತೆ.

ಈ ಆಟಗಳ ಬೇರೂ ಈ ದೇಶದ್ದೇ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಬೆನ್ನುಹುರಿಗೆ ಪೆಟ್ಟಾದ 16 ಮಾಜಿ ಸೈನಿಕರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು.

ಜೂನ್ 29, ಭಾನುವಾರ

ನಾಳೆ ಹೊರಡುವುದು. ವಿಮಾನ ನಿಲ್ದಾಣಕ್ಕೆ ಕಪ್ಪು ಟ್ಯಾಕ್ಸಿ ಹೇಳಿದ್ದಾರೆ. 2000ದಿಂದ ಲಂಡನ್ನಿನ ಕಪ್ಪು ಟ್ಯಾಕ್ಸಿಗಳೆಲ್ಲ ಗಾಲಿಕುರ್ಚಿ ಹತ್ತುವಂಥವೇ ಆಗಿರಬೇಕು, ಹೆಚ್ಚಿಗೆ ಬಾಡಿಗೆ ಕೇಳುವಂತಿಲ್ಲ. ಕುರ್ಚಿಗೆ ಈ ಸಲ ದೊಡ್ಡ ಕೆಂಪು ಅಕ್ಷರದ ಫಲಕ ಕಟ್ಟಿದ್ದೇವೆ: ಇದು ಸಾಮಾನಲ್ಲ, ನನ್ನ ಕಾಲು.

ರಾತ್ರಿ ಊರಿನ ಬ್ಯಾಂಕ್ ಮ್ಯಾನೇಜರಿಗೆ ಒಂದು ಅರ್ಜಿ ಬರೆದೆ. ನನ್ನ ಪಿಂಚಣಿ ಬರುವ ಶಾಖೆ. ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆಂದು ತೋರಿಸಿಕೊಳ್ಳಲು ಹೋಗುತ್ತೇನೆ. ಬಾಗಿಲಿಗೆ ಐದು ಮೆಟ್ಟಿಲು. ಒಳಗಿನ ಹುಡುಗ ಫಾರಂ ತೆಗೆದುಕೊಂಡು ಆಚೆ ಬಂದು, ಬಿಸಿಲಲ್ಲಿ ನಿಂತು ಸಹಿ ಹಾಕಿಸಿಕೊಳ್ಳುತ್ತಾನೆ, "ಒಳಗೆ ಬರುವ ತೊಂದರೆ ನಿಮಗ್ಯಾಕೆ ಅಮ್ಮ" ಎನ್ನುತ್ತಾನೆ. ಈ ನವೆಂಬರಿಗೆ ಒಳಗೆ ಬಂದೇ ಸಹಿ ಹಾಕುತ್ತೇನೆ, ದಯವಿಟ್ಟು ಅಷ್ಟರೊಳಗೆ ರ‍್ಯಾಂಪ್ ಹಾಕಿಸಿ ಎಂದು ಬರೆದೆ. "ದಯವಿಟ್ಟು" ಹೊಡೆದುಹಾಕಿದೆ. ಕೆಳಗೆ ಇಷ್ಟು ಸೇರಿಸಿದೆ: ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 45ನೇ ಕಲಮಿನಂತೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷದ ಗಡುವು 2022ರ ಜೂನ್‌ನಲ್ಲೇ ಮುಗಿದಿದೆ.